ಎರಡು ವರ್ಷದ ಮಗುವಿನ ಜೊತೆ ಡಿಸ್ನಿ ವರ್ಲ್ಡ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಅಟ್ಲಾಂಟಾದಲ್ಲಿ ಇರುವವರು. ಮಗನಿಗೆ 2 ವರ್ಷ 8 ತಿಂಗಳಾಗಿದ್ದಾಗ ಫ್ಲಾರಿಡಾದ ಡಿಸ್ನಿ ವರ್ಲ್ಡ್‌ಗೆ ಹೋಗಿಬಂದೆವು. ಹಾಸನದಿಂದ ಬಂದಿದ್ದ ಅತ್ತೆ ಮಾವನೂ ಜೊತೆಗಿದ್ದರು. ಅವತ್ತಿನಿಂದ ಕನ್ನಡ ಕೂಟದಲ್ಲಿ ಸಿಗುವ ಚಿಕ್ಕ ಮಕ್ಕಳ ಅಮ್ಮಂದಿರೆಲ್ಲ ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಫೋನಿನಲ್ಲಿ ಹೇಳಿ ಹೇಳಿ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಎಲ್ಲ ಒಂದು ಕಡೆ ಬರೆದಿಟ್ಟಿದ್ದೇನೆ.

ಇಷ್ಟು ಚಿಕ್ಕ ಮಗುವಿಗೆ ಏನೂ ನೆನಪಿರಲ್ಲ. ದುಡ್ಡು ದಂಡ ಅಲ್ವಾ?

ನೆನಪಿರುವುದಿಲ್ಲ, ಒಪ್ಪಿಕೊಳ್ಳೋಣ. ಮೊದಲ ವರ್ಷದ ಹುಟ್ಟುಹಬ್ಬವೂ ಯಾವ ಮಗುವಿಗೂ ನೆನಪಿರುವುದಿಲ್ಲ, ಆದರೂ ಊರೆಲ್ಲ ಕರೆದು ಮಾಡುತ್ತೇವೆ. ಡಂಬೋ ಅನ್ನುವ ಹಾರುವ ಆನೆಯ ರೈಡಿನಲ್ಲಿ ಕೂತು ಅದು ಮೇಲೇರಿದಾಗ ನನ್ನ ಮಗ ಉಸಿರು ಬಿಗಿಹಿಡಿದು, ಕೆಳಗೆ ನಿಂತಿದ್ದ ತಾತನನ್ನು ಹುಡುಕಿ ಕೈ ಬೀಸಿದ. ಅದು ನಮಗೆ ನೆನಪಿದೆ, ಮಾವನಿಗೆ ನೆನಪಿದೆ. ನನಗೆ ಅಷ್ಟು ಸಾಕು.

ಆದರೆ ಬೆಂಗಳೂರಿನಿಂದ ಇದಕ್ಕೇ ಅಂತ ಟಿಕೆಟ್ ತೆಗೆದು ಬರುವವರಿಗೆ ನಾನು ಬೇಡ ಅನ್ನುತ್ತೇನೆ. ಒಂದು ದಿನದ ವಿಮಾನ ಪ್ರಯಾಣ, ಆಮೇಲೆ ಹಗಲು ರಾತ್ರಿ ಅದಲುಬದಲು, ಎರಡು ವರ್ಷದ ಮಗು ಮಧ್ಯರಾತ್ರಿ ಎರಡಕ್ಕೆ ಎದ್ದು ಆಟಕ್ಕೆ ಕೂರುತ್ತದೆ. ಮಗುವಿಗೆ ಐದು ಆರು ವರ್ಷ ಆಗಲಿ. ಈಗಲೇ ಬೇಕು ಅಂದರೆ ಹಾಂಗ್‌ಕಾಂಗ್ ಡಿಸ್ನಿಲ್ಯಾಂಡ್ ಬೆಂಗಳೂರಿಗೆ ಹತ್ತಿರ, ಪಾರ್ಕೂ ಚಿಕ್ಕದು. ಅಲ್ಲೂ 3 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ. ಇಲ್ಲೇ ಅಮೆರಿಕದಲ್ಲಿ ಇರುವವರ ಲೆಕ್ಕ ಬೇರೆ.

ಮಗುವಿಗೆ ಟಿಕೆಟ್ ಬೇಕಾ?

3 ವರ್ಷ ತುಂಬದಿದ್ದರೆ ಬೇಡ. 3ರಿಂದ 9 ವರ್ಷಕ್ಕೆ ಮಕ್ಕಳ ಟಿಕೆಟ್, 10 ತುಂಬಿದರೆ ದೊಡ್ಡವರ ಟಿಕೆಟ್. ಮಕ್ಕಳ ಟಿಕೆಟ್ ಅಂದರೆ ಅರ್ಧ ಬೆಲೆ ಅಂದುಕೊಳ್ಳಬೇಡಿ, ದೊಡ್ಡವರದಕ್ಕಿಂತ ಸ್ವಲ್ಪವೇ ಕಮ್ಮಿ. ಅದಕ್ಕೇ ನಮ್ಮವರು ಮೂರನೇ ಹುಟ್ಟುಹಬ್ಬಕ್ಕೆ ಕೆಲವು ತಿಂಗಳು ಮುಂಚೆ ಹೋಗುತ್ತಾರೆ. ನಾವೂ ಹಾಗೇ ಮಾಡಿದೆವು. ಟಿಕೆಟ್ ಬೆಲೆ ದಿನದಿಂದ ದಿನಕ್ಕೆ ಬದಲಾಗುತ್ತದೆ, ಆದ್ದರಿಂದ ಯಾರೋ ಹೇಳಿದ ಬೆಲೆ ನಂಬದೆ ನಿಮ್ಮ ತಾರೀಕು ಹಾಕಿ ನೋಡಿ.

ವಿಮಾನದಲ್ಲಿ ಹೋಗುವವರು ಇನ್ನೊಂದು ಗಮನಿಸಿ. ಅಮೆರಿಕದೊಳಗಿನ ವಿಮಾನದಲ್ಲಿ ತೊಡೆ ಮೇಲೆ ಕೂರಿಸಿಕೊಂಡು ಹೋಗಲು 2 ವರ್ಷದ ಒಳಗಿರಬೇಕು. ಎರಡು ತುಂಬಿದ ಮೇಲೆ ಪಾರ್ಕಿಗೆ ಟಿಕೆಟ್ ಬೇಡದಿದ್ದರೂ ವಿಮಾನಕ್ಕೆ ಬೇಕು.

ಫ್ಲಾರಿಡಾನಾ, ಕ್ಯಾಲಿಫೋರ್ನಿಯಾನಾ?

ಮಗು ಇಷ್ಟು ಚಿಕ್ಕದಾಗಿದ್ದಾಗ ಕ್ಯಾಲಿಫೋರ್ನಿಯಾ ಸುಲಭ, ನಾನು ಇದನ್ನು ಸುಮ್ನೆ ಹೇಳುತ್ತಿಲ್ಲ. ಅಲ್ಲಿನ ಅನಹೈಮ್ ಊರಿನ ಡಿಸ್ನಿಲ್ಯಾಂಡ್‌ನಲ್ಲಿ ಎರಡೇ ಪಾರ್ಕು, ಎದುರುಬದುರು. ಹೋಟೆಲಿನಿಂದ ನಡೆದೇ ಹೋಗಬಹುದು, ಮಗು ಅತ್ತರೆ ಬೇಗ ರೂಮು ಸೇರಬಹುದು. ಬೇ ಏರಿಯಾದಲ್ಲೋ ಲಾಸ್ ಏಂಜಲೀಸ್‌ನಲ್ಲೋ ಇರುವವರು ಫ್ಲಾರಿಡಾ ಯೋಚನೆ ಬಿಟ್ಟು ಅಲ್ಲಿಗೇ ಹೋಗಿ. ಫ್ಲಾರಿಡಾದ್ದು ಸುಮಾರು 40 ಚದರ ಮೈಲಿಯ ಜಾಗ, ನಾಲ್ಕು ಪಾರ್ಕು, ಒಂದರಿಂದ ಒಂದಕ್ಕೆ ಹೋಗಲು ಹೆಚ್ಚಾಗಿ ಬಸ್ಸೋ ಕಾರೋ ಬೇಕು. ನಮಗೆ ಅಟ್ಲಾಂಟಾದಿಂದ ಕಾರಲ್ಲಿ ಏಳು ಗಂಟೆ ದಾರಿ, ಹಾಗಾಗಿ ಅದೇ ಅನುಕೂಲವಾಯಿತು.

ಎಷ್ಟು ದಿನ? ನಾಲ್ಕೂ ಪಾರ್ಕ್ ನೋಡಬೇಕಾ?

ಬೇಡ. ಐದು ದಿನ ಇರಿ, ಮೂರು ದಿನ ಪಾರ್ಕಿಗೆ ಹೋಗಿ. ಎರಡು ದಿನ ಮ್ಯಾಜಿಕ್ ಕಿಂಗ್‌ಡಮ್, ಒಂದು ದಿನ ಅನಿಮಲ್ ಕಿಂಗ್‌ಡಮ್. ನಡುವೆ ಒಂದೊಂದು ದಿನ ಈಜುಕೊಳ, ನಿದ್ದೆ, ಊಟ. ಎಪ್ಕಾಟ್ ದೊಡ್ಡವರಿಗೆ ಚೆನ್ನ. ಮಗುವಿಗೆ ಅಲ್ಲಿ ನೀಮೋ ಇರುವ ಮೀನಿನ ಅಕ್ವೇರಿಯಂ ಇಷ್ಟವಾಗುತ್ತದೆ. ಹಾಲಿವುಡ್ ಸ್ಟುಡಿಯೋಸ್ ಈ ವಯಸ್ಸಿಗೆ ಬಿಡಿ.

«ಅಷ್ಟು ದೂರ ಹೋಗಿ ಎರಡೇ ಪಾರ್ಕ್ ನೋಡಿದಿರಾ?» ಅಂತ ಕೇಳುವವರು ಇರುತ್ತಾರೆ. ಕೇಳಲಿ.

ಯಾವ ತಿಂಗಳು ಒಳ್ಳೆಯದು?

ಜನವರಿ ಮಧ್ಯದಿಂದ ಫೆಬ್ರವರಿ ಮೊದಲ ವಾರದವರೆಗೆ. ನಾವು ಹೋಗಿದ್ದು ಜನವರಿ ಕೊನೆಗೆ. ಬೆಳಿಗ್ಗೆ ಸ್ವೆಟರ್ ಬೇಕಾಯಿತು, ಮಧ್ಯಾಹ್ನ ಹಾಸನದ ಹವೆ. ಡಿಸೆಂಬರ್ ಮೊದಲ ವಾರಗಳೂ ಪರವಾಗಿಲ್ಲ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ, ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರ, ಈಸ್ಟರ್ ಸುತ್ತಮುತ್ತ ಜನಜಾತ್ರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೆಕೆ ಹೇಗಿರುತ್ತದೆ ಅಂದರೆ ಮಂಗಳೂರಿನ ಮೇ ತಿಂಗಳು ನೆನೆಸಿಕೊಳ್ಳಿ, ಅದರ ಮೇಲೆ ಮಧ್ಯಾಹ್ನ ಗುಡುಗು ಸಿಡಿಲು. ಸಿಡಿಲು ಹತ್ತಿರ ಬಂದರೆ ಬಯಲಿನ ರೈಡುಗಳನ್ನೆಲ್ಲ ನಿಲ್ಲಿಸುತ್ತಾರೆ. ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಚಿಕ್ಕ ಮಗು ಬಿಸಿಲಿಗೆ ನಮಗಿಂತ ಬೇಗ ಸೋಲುತ್ತದೆ. ಬೇಸಿಗೆ ರಜೆ ಬಿಟ್ಟರೆ ಬೇರೆ ದಾರಿಯೇ ಇಲ್ಲದವರು ಮಾತ್ರ ಬೇಸಿಗೆಯಲ್ಲಿ ಹೋಗಿ, ಮಧ್ಯಾಹ್ನ ಖಂಡಿತ ಹೊರಗಿರಬೇಡಿ.

ಉಳಿಯೋದು ಡಿಸ್ನಿ ಹೋಟೆಲಲ್ಲೋ, ಹೊರಗೋ?

ನಾವು ಹೊರಗೆ, ಅಡುಗೆಮನೆ ಇರುವ ಬಾಡಿಗೆ ಮನೆಯಲ್ಲಿ ಇದ್ದೆವು. ಅತ್ತೆಗೆ ಬೆಳಿಗ್ಗೆ ಕಾಫಿ, ಮಗನಿಗೆ ರಾಗಿ ಸರಿ, ರಾತ್ರಿ ಎಲ್ಲರಿಗೂ ಬಿಸಿ ಅನ್ನ ಸಾರು. ಐದು ದಿನ ಹೊರಗಿನ ಊಟ ಮಾಡಿದ್ದರೆ ಮೂರನೇ ದಿನಕ್ಕೇ ಮನೆ ನೆನಪಾಗುತ್ತಿತ್ತು. ಆದರೆ ಮಗು ಮತ್ತು ನೀವಿಬ್ಬರೇ ಆದರೆ ಡಿಸ್ನಿ ಹೋಟೆಲ್ ಕಡೆ ನೋಡಿ. ಅಲ್ಲಿ ಉಳಿದವರನ್ನು ಪಾರ್ಕಿನೊಳಗೆ 30 ನಿಮಿಷ ಮುಂಚೆ ಬಿಡುತ್ತಾರೆ. ಚಿಕ್ಕ ಮಕ್ಕಳು ಹೇಗೂ ಆರಕ್ಕೇ ಏಳುತ್ತವೆ, ಆ ಅರ್ಧ ಗಂಟೆ ಚಿನ್ನ. ಸ್ಕೈಲೈನರ್ ಅನ್ನುವ ಹಗ್ಗದ ಮೇಲಿನ ಗಾಡಿ ಇರುವ ಹೋಟೆಲ್ ಸಿಕ್ಕರೆ ಇನ್ನೂ ಒಳ್ಳೆಯದು, ಅದರಲ್ಲಿ ಸ್ಟ್ರಾಲರ್ (ಮಗುವಿನ ತಳ್ಳುಗಾಡಿ) ಮಡಚದೆ ಹತ್ತಿಸಬಹುದು. ಬಸ್ಸಿನಲ್ಲಿ ಮಡಚಬೇಕಾಗಬಹುದು, ಮಲಗಿದ ಮಗುವನ್ನು ಎತ್ತಿಕೊಂಡು. ಆದರೆ ಸ್ಕೈಲೈನರ್ ಹೋಗುವುದು ಎಪ್ಕಾಟ್ ಮತ್ತು ಹಾಲಿವುಡ್ ಸ್ಟುಡಿಯೋಸ್‌ಗೆ ಮಾತ್ರ.

ಎಲ್ಲೇ ಉಳಿದರೂ ಮಗುವಿನ ತೊಟ್ಟಿಲು ಮಂಚಕ್ಕೆ ಮುಂಚೆಯೇ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಿ. ದಾರಿಯಲ್ಲಿ ಒಂದು ರಾತ್ರಿ ತಂಗಿದ್ದ ಹೋಟೆಲಿನಲ್ಲಿ ಇದೆ ಅಂದಿದ್ದರು, ಹೋದರೆ ಇರಲಿಲ್ಲ. ಅವನನ್ನು ನಡುವೆ ಮಲಗಿಸಿಕೊಂಡು ಯಾರಿಗೂ ನಿದ್ದೆ ಇಲ್ಲ.

ಒಂದು ದಿನ ಹೇಗೆ ಕಳೆಯಬೇಕು?

ಇದೊಂದು ಸರಿಹೋದರೆ ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆ.

ಮೊದಲ ದಿನ ನಾವು ತಪ್ಪು ಮಾಡಿದೆವು. ಇಷ್ಟು ಕೊಟ್ಟು ಬಂದಿದ್ದೇವೆ, ಪೂರ್ತಿ ನೋಡಿಯೇ ಹೋಗೋಣ ಅಂತ ಬೆಳಿಗ್ಗೆ ಎಂಟಕ್ಕೆ ಹೋದವರು ರಾತ್ರಿ ಪಟಾಕಿವರೆಗೆ ಇದ್ದೆವು. ಮಗ ಮಧ್ಯಾಹ್ನ ನಿದ್ದೆ ಮಾಡಲಿಲ್ಲ. ಸಂಜೆ ಐದರಿಂದ ಅಳು ಶುರು, ಹಾಲು ಬೇಡ, ಎತ್ತಿಕೊಂಡರೂ ಬೇಡ, ಇಳಿಸಿದರೂ ಬೇಡ, ಕೊನೆಗೆ ಪಟಾಕಿ ಸದ್ದಿಗೆ ನಡುಗಿ ನನ್ನ ಕುತ್ತಿಗೆಗೆ ಜೋತುಬಿದ್ದ. ವಾಪಸ್ ಬರುವಾಗ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. «ಮಗು ಏನು ರೈಡು ಕೇಳಿತ್ತಾ? ಅದಕ್ಕೆ ಬೇಕಾಗಿದ್ದು ನಿದ್ದೆ» ಅಂದರು ಅತ್ತೆ. ಆ ಮಾತು ನನಗೆ ನಾಟಿತು.

ಮಾರನೆಯ ಪಾರ್ಕ್ ದಿನದಿಂದ ಹೀಗೆ ಮಾಡಿದೆವು. ಗೇಟು ತೆರೆಯುವ ಮುಂಚೆಯೇ ಅಲ್ಲಿರುವುದು. ಹನ್ನೊಂದೂವರೆಯವರೆಗೆ ನಾಲ್ಕೋ ಐದೋ ರೈಡು. ಹನ್ನೆರಡಕ್ಕೆ ಊಟ. ಒಂದರ ಹೊತ್ತಿಗೆ ಹೊರಗೆ, ಕಾರು ಹತ್ತುತ್ತಿದ್ದ ಹಾಗೆ ಅವನು ನಿದ್ದೆ. ನಾಲ್ಕಕ್ಕೆ ಎದ್ದು ಹಾಲು ಕುಡಿದು, ಮನಸ್ಸಿದ್ದರೆ ಮತ್ತೆ ಪಾರ್ಕು, ಇಲ್ಲದಿದ್ದರೆ ಈಜುಕೊಳ. ಅವತ್ತೇ ಎಷ್ಟು ಸಲ ಬೇಕಾದರೂ ಹೊರಗೆ ಹೋಗಿ ಅದೇ ಪಾರ್ಕಿನೊಳಗೆ ಮತ್ತೆ ಬರಬಹುದು.

ಮ್ಯಾಜಿಕ್ ಕಿಂಗ್‌ಡಮ್‌ಗೆ ಮಾತ್ರ ಸಮಯ ಜಾಸ್ತಿ ಇಟ್ಟುಕೊಳ್ಳಿ. ಕಾರು ನಿಲ್ಲಿಸುವ ಜಾಗ ಗೇಟಿನ ಹತ್ತಿರ ಇಲ್ಲ. ಅಲ್ಲಿಂದ ಮಾನೋರೈಲೋ ದೋಣಿಯೋ ಹತ್ತಬೇಕು. ಕಾರಿನಿಂದ ಗೇಟಿಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ ಅಂದುಕೊಳ್ಳಿ. ನನ್ನ ಮಗನಿಗೆ ಆ ದೋಣಿಯೇ ಒಂದು ರೈಡು ಆಗಿಹೋಯಿತು.

ಮಧ್ಯಾಹ್ನ ಹೊರಗೆ ಬರಲು ಆಗದವರು ಸ್ಟ್ರಾಲರ್ ಹಿಂದಕ್ಕೆ ವಾಲಿಸಿ, ತೆಳ್ಳಗಿನ ಬಟ್ಟೆ ಮುಚ್ಚಿ, ಗಾಳಿ ಆಡುವ ಹಾಗೆ ನೋಡಿಕೊಂಡು ನೆರಳಲ್ಲಿ ನಿಧಾನ ತಳ್ಳಿ. ಎತ್ತಿಕೊಂಡೇ ಮಲಗಿಸುವ ಮಗುವಾದರೆ ಮ್ಯಾಜಿಕ್ ಕಿಂಗ್‌ಡಮ್‌ನ ಟುಮಾರೋಲ್ಯಾಂಡ್ ಭಾಗದಲ್ಲಿರುವ ಕರೌಸೆಲ್ ಆಫ್ ಪ್ರೋಗ್ರೆಸ್ ಅನ್ನುವ ಪ್ರದರ್ಶನದ ಒಳಗೆ ಹೋಗಿ ಕೂತುಕೊಳ್ಳಿ. ತಣ್ಣಗಿರುತ್ತದೆ, ಕತ್ತಲಿರುತ್ತದೆ, ಸುಮಾರು ಇಪ್ಪತ್ತು ನಿಮಿಷ ಕೂರಬಹುದು.

ಈ ವಯಸ್ಸಿಗೆ ಯಾವ ರೈಡು ಆಗುತ್ತದೆ?

ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಬೇಕಾದಷ್ಟಿವೆ. ಡಂಬೋ, ಕುದುರೆ ಸುತ್ತುವ ಕರೌಸೆಲ್, ಇಟ್ಸ್ ಎ ಸ್ಮಾಲ್ ವರ್ಲ್ಡ್, ವಿನ್ನಿ ದ ಪೂ, ಪೀಟರ್ ಪ್ಯಾನ್, ಸಮುದ್ರದೊಳಗಿನ ಏರಿಯಲ್, ಮೇಲೆ ಮೇಲೆ ಸುತ್ತಿಸುವ ಪೀಪಲ್‌ಮೂವರ್. ಇವುಗಳಿಗೆ ಎತ್ತರದ ನಿಯಮ ಇಲ್ಲ. ಅಪ್ಪ ಅಮ್ಮನ ಪಕ್ಕ ಕೂರಿಸಿಕೊಂಡು ಹೋಗಬಹುದು. ಪೀಟರ್ ಪ್ಯಾನ್‌ಗೆ ಸಾಲು ಯಾವಾಗಲೂ ಉದ್ದ, ಬೆಳಿಗ್ಗೆ ಮೊದಲು ಅದಕ್ಕೇ ಹೋಗಿ.

ಅನಿಮಲ್ ಕಿಂಗ್‌ಡಮ್‌ನಲ್ಲಿ ಕಿಲಿಮಂಜಾರೋ ಸಫಾರಿ. ತೆರೆದ ದೊಡ್ಡ ಟ್ರಕ್ಕಿನಲ್ಲಿ ಕೂರಿಸಿಕೊಂಡು ಹೋಗುತ್ತಾರೆ, ಜಿರಾಫೆ ಪಕ್ಕದಲ್ಲೇ ಬಂದು ನಿಂತಿತ್ತು. ನಾಗರಹೊಳೆಯ ಜೀಪಿನ ಹಾಗೆ ಕುಲುಕುತ್ತದೆ, ಮಗುವನ್ನು ಗಟ್ಟಿ ಹಿಡಿದುಕೊಳ್ಳಿ. ಪ್ರಾಣಿಗಳು ಚುರುಕಾಗಿ ಓಡಾಡುವುದು ಬೆಳಿಗ್ಗೆ, ಆದ್ದರಿಂದ ಮೊದಲು ಅದೇ. ಇಡೀ ಪ್ರವಾಸದಲ್ಲಿ ನಮ್ಮ ಐದೂ ಜನಕ್ಕೆ ಇಷ್ಟವಾದದ್ದು ಇದೊಂದೇ.

ಕತ್ತಲೆಗೆ ಹೆದರುವ ಮಗುವಾದರೆ ಒಳಗಿನ ರೈಡು ಬಿಟ್ಟು ಬಯಲಿನವುಗಳಿಂದ ಶುರು ಮಾಡಿ. ಒಂದೇ ರೈಡು ನಾಲ್ಕು ಸಲ ಕೇಳಿದರೆ ನಾಲ್ಕು ಸಲ ಕರೆದುಕೊಂಡು ಹೋಗಿ. ಹೊಸದು ತೋರಿಸುವ ಆತುರ ನಮಗೆ, ಮಕ್ಕಳಿಗೆ ಇಲ್ಲ.

ದೊಡ್ಡ ರೈಡುಗಳಿಗೆ ನಾವು ಹೋಗೋದು ಹೇಗೆ?

ರೈಡರ್ ಸ್ವಿಚ್ ಅಂತ ಇದೆ. ರೈಡಿನ ಬಾಗಿಲಲ್ಲಿರುವ ಸಿಬ್ಬಂದಿಗೆ ಮಗುವನ್ನು ತೋರಿಸಿ ಹೇಳಿ. ಒಬ್ಬರು ಹೋಗಿ ಬರುವವರೆಗೆ ಇನ್ನೊಬ್ಬರು ಮಗುವಿನ ಜೊತೆ ಹೊರಗಿರುವುದು, ಆಮೇಲೆ ಎರಡನೆಯವರು ಉದ್ದ ಸಾಲಿನಲ್ಲಿ ನಿಲ್ಲದೆ ಒಳಗೆ ಹೋಗುವುದು. ಇದಕ್ಕೆ ದುಡ್ಡು ಕೊಡಬೇಕಿಲ್ಲ. ಸ್ಪೇಸ್ ಮೌಂಟನ್‌ಗೆ 44 ಇಂಚು ಎತ್ತರ ಬೇಕು, ಸೆವೆನ್ ಡ್ವಾರ್ಫ್ಸ್ ಮೈನ್ ಟ್ರೈನ್‌ಗೆ 38. ಮಕ್ಕಳ ರೋಲರ್ ಕೋಸ್ಟರ್ ಬಾರ್ನ್‌ಸ್ಟಾರ್ಮರ್‌ಗೆ 35 ಇಂಚು ಸಾಕು. ಮನೆಯಲ್ಲೇ ಶೂ ಹಾಕಿ ಗೋಡೆಗೆ ನಿಲ್ಲಿಸಿ ಅಳತೆ ನೋಡಿಕೊಂಡು ಹೋಗಿ. ಎತ್ತರ ಇದೆ ಅಂತಲೇ ಹತ್ತಿಸಬೇಡಿ, ಮಗು ಬೇಡ ಅಂದರೆ ಬೇಡ.

ಲೈಟ್ನಿಂಗ್ ಲೇನ್ ಕೊಳ್ಳಬೇಕಾ?

ಸಾಲು ತಪ್ಪಿಸಲು ದುಡ್ಡು ಕೊಟ್ಟು ಕೊಳ್ಳುವ ಪಾಸ್ ಅದು. ಜನವರಿಯಲ್ಲಿ, ಬೆಳಿಗ್ಗೆ ಬೇಗ ಹೋಗುವವರಿಗೆ ಬೇಡ. ರಜೆ ವಾರದಲ್ಲಿ ಹೋಗುವವರು ಮ್ಯಾಜಿಕ್ ಕಿಂಗ್‌ಡಮ್‌ಗೆ ಮಾತ್ರ ತೆಗೆದುಕೊಳ್ಳಿ. 3 ವರ್ಷದೊಳಗಿನ ಮಗುವಿಗೆ ಇದೂ ಬೇಕಿಲ್ಲ.

ಸ್ಟ್ರಾಲರ್ ನಮ್ಮದೋ, ಅಲ್ಲಿಯದೋ?

ನಿಮ್ಮದೇ. ಅಲ್ಲಿ ಬಾಡಿಗೆಗೆ ಸಿಗುವುದು ಗಟ್ಟಿ ಪ್ಲಾಸ್ಟಿಕ್, ಹಿಂದಕ್ಕೆ ವಾಲುವುದಿಲ್ಲ, ಅದರಲ್ಲಿ ಮಗು ಮಲಗುವುದು ಕಷ್ಟ. ಪಾರ್ಕಿನ ಹೊರಗೆ ತರುವ ಹಾಗೂ ಇಲ್ಲ, ಅಂದರೆ ಕಾರಿನವರೆಗೆ ಮಗುವನ್ನು ಹೊರಬೇಕು. ನಿಮ್ಮ ಸ್ಟ್ರಾಲರ್ 31 ಇಂಚು ಅಗಲ, 52 ಇಂಚು ಉದ್ದದ ಒಳಗಿರಬೇಕು. ಎಳೆಯುವ ವ್ಯಾಗನ್ ಬಿಡುವುದಿಲ್ಲ. ಮಗು ಚೆನ್ನಾಗಿ ನಡೆಯುತ್ತದೆ, ಸ್ಟ್ರಾಲರ್ ಬೇಡ ಅನ್ನುವವರಿಗೆ ಒಂದು ಮಾತು: ನನ್ನ ಫೋನು ದಿನಕ್ಕೆ ಒಂಬತ್ತು ಹತ್ತು ಕಿಲೋಮೀಟರ್ ನಡೆದದ್ದು ತೋರಿಸುತ್ತಿತ್ತು.

ರೈಡಿಗೆ ಹೋಗುವಾಗ ಸ್ಟ್ರಾಲರ್ ಹೊರಗೆ ಬಿಡಬೇಕು. ಸಿಬ್ಬಂದಿ ಅದನ್ನು ಸಾಲಾಗಿ ಜೋಡಿಸುವಾಗ ಜಾಗ ಬದಲಾಯಿಸುತ್ತಾರೆ. ವಾಪಸ್ ಬಂದು ನೋಡಿದರೆ ನೂರು ಕಪ್ಪು ಸ್ಟ್ರಾಲರ್. ನಮ್ಮ ಅತ್ತೆ ಹಿಡಿಗೆ ಹಳೆಯ ಹಳದಿ ಬ್ಲೌಸ್ ಪೀಸಿನ ತುಂಡು ಕಟ್ಟಿಟ್ಟಿದ್ದರು, ದೂರದಿಂದಲೇ ಕಾಣುತ್ತಿತ್ತು. ಪಾಸ್‌ಪೋರ್ಟು, ದುಡ್ಡು, ಫೋನು ಮಾತ್ರ ಅದರಲ್ಲಿ ಬಿಡಬೇಡಿ.

ಮನೆ ಊಟ ಒಳಗೆ ಬಿಡುತ್ತಾರಾ?

ಬಿಡುತ್ತಾರೆ. ಇದನ್ನು ಕೇಳಿ ನಂಬದೆ ಎರಡು ಸಲ ವಿಚಾರಿಸಿದವರಿದ್ದಾರೆ, ಯಾಕಂದರೆ ನಮ್ಮೂರ ಪಾರ್ಕುಗಳಲ್ಲಿ ಗೇಟಲ್ಲೇ ಡಬ್ಬಿ ತೆಗೆಸುವುದನ್ನು ನೋಡಿದ್ದೇವೆ. ಇಲ್ಲಿ ಬ್ಯಾಗು ತಪಾಸಣೆ ಮಾಡುತ್ತಾರೆ ಅಷ್ಟೇ. ಗಾಜಿನ ಡಬ್ಬಿ ಬೇಡ, ಮದ್ಯ ಬೇಡ, ಬಿಡಿ ಐಸ್ ತುಂಬಬೇಡಿ. ತಣ್ಣಗಿಡಲು ಜೆಲ್ ಪ್ಯಾಕ್ ಹಾಕಿ.

ನಾವು ಒಯ್ದದ್ದು: ಮೊಸರನ್ನ, ತುಪ್ಪ ಸಕ್ಕರೆ ಸವರಿದ ಚಪಾತಿ ಸುರುಳಿ, ಬಾಳೆಹಣ್ಣು, ಒಗ್ಗರಣೆ ಮಂಡಕ್ಕಿ, ಅತ್ತೆ ಕೈಯ ಕೋಡುಬಳೆ. ಸಾಲಿನಲ್ಲಿ ನಿಂತಾಗ ಕೈಗೊಂದು ಕೋಡುಬಳೆ ಕೊಟ್ಟರೆ ಹತ್ತು ನಿಮಿಷ ಶಾಂತಿ. ಮೊಸರನ್ನಕ್ಕೆ ಹಾಲು ಜಾಸ್ತಿ ಹಾಕಿ ಕಲಸಿ, ಮಧ್ಯಾಹ್ನದ ಹೊತ್ತಿಗೆ ಹುಳಿಯಾಗುವುದಿಲ್ಲ. ಕೆಳಗೆ ಜೆಲ್ ಪ್ಯಾಕ್ ಮಾತ್ರ ಮರೆಯಬೇಡಿ. ಫಟಾಫಟ್ ಊಟ ಕೊಡುವ ಅಂಗಡಿಗಳಲ್ಲಿ ಐಸ್ ಹಾಕಿದ ಕುಡಿಯುವ ನೀರು ಕೇಳಿದರೆ ಪುಕ್ಕಟೆ ಕೊಡುತ್ತಾರೆ.

ಅಲ್ಲಿ ಕೊಂಡು ತಿನ್ನುವ ಸಸ್ಯಾಹಾರಿಗಳು ಮೆನುವಿನಲ್ಲಿ ಎಲೆಯ ಗುರುತು ನೋಡಿ. ಅದಿದ್ದರೆ ಹಾಲು, ಮೊಟ್ಟೆ ಕೂಡ ಇಲ್ಲ ಅಂತ ಅರ್ಥ.

ಅಜ್ಜಿ ತಾತನನ್ನು ಕರೆದುಕೊಂಡು ಹೋಗಬಹುದಾ?

ಖಂಡಿತ. ಆದರೆ ಮಗು ನೋಡಿಕೊಳ್ಳುವುದಕ್ಕೆ ಅಂತ ಕರೆದುಕೊಂಡು ಹೋಗಬೇಡಿ, ಅವರಿಗೂ ಇದು ಪ್ರವಾಸ. ಮಂಡಿ ನೋವಿದ್ದರೆ ಗಾಲಿಕುರ್ಚಿ ಬಾಡಿಗೆಗೆ ಸಿಗುತ್ತದೆ. ನಮ್ಮ ಮಾವ ಮೊದಲು ಬೇಡವೇ ಬೇಡ ಅಂದರು, ಎರಡನೇ ದಿನ ತಾವೇ ಕೇಳಿದರು. ಮೂರೂ ದಿನ ಅವರಿಗೆ ಟಿಕೆಟ್ ಕೊಳ್ಳಬೇಕು ಅಂತಿಲ್ಲ. ಟಿಕೆಟ್ ಬೇಡದ ಜಾಗಗಳೂ ಇವೆ: ಡಿಸ್ನಿ ಸ್ಪ್ರಿಂಗ್ಸ್ ಅನ್ನುವ ಅಂಗಡಿ ಬೀದಿ, ಅಲ್ಲಿ ಕಾರು ನಿಲ್ಲಿಸಲೂ ದುಡ್ಡಿಲ್ಲ. ಇನ್ನೊಂದು ಅನಿಮಲ್ ಕಿಂಗ್‌ಡಮ್ ಲಾಡ್ಜ್‌ನ ಸನಾ ಹೋಟೆಲ್. ಮುಂಚೆ ಜಾಗ ಕಾದಿರಿಸಿ ಮಧ್ಯಾಹ್ನದ ಊಟಕ್ಕೆ ಹೋಗಿ. ನಾನ್, ಪರೋಟ, ಬಗೆಬಗೆಯ ಚಟ್ನಿಗಳ ತಟ್ಟೆ ಸಿಗುತ್ತದೆ, ಕಿಟಕಿಯಾಚೆ ಜೀಬ್ರಾ ಮೇಯುತ್ತಿರುತ್ತವೆ. ಮಾವ ಈಗಲೂ ಹಾಸನದಲ್ಲಿ ಸಿಕ್ಕವರಿಗೆಲ್ಲ ಹೇಳುವುದು ಆ ಊಟದ ವಿಷಯವನ್ನೇ.

ಮಿಕ್ಕಿ ಮೌಸ್ ನೋಡಿ ಮಗು ಅತ್ತರೆ?

ಅಳಬಹುದು. ಟೀವಿಯಲ್ಲಿ ಅಂಗೈಯಗಲ ಇದ್ದದ್ದು ಎದುರಿಗೆ ಅಷ್ಟೆತ್ತರ ನಿಂತರೆ ಯಾವ ಮಗುವಿಗೂ ಗಾಬರಿಯೇ. ಮೊದಲು ಮೆರವಣಿಗೆಯಲ್ಲಿ ದೂರದಿಂದ ತೋರಿಸಿ. ಆಮೇಲೆ ನೀವು ಹೋಗಿ ಕೈಕುಲುಕಿ, ಮಗು ಅಪ್ಪನ ತೋಳಲ್ಲೇ ಇರಲಿ. ಫೋಟೋಗೋಸ್ಕರ ಅಳುವ ಮಗುವನ್ನು ಅವರ ಕೈಗೆ ಕೊಡಬೇಡಿ. ಪಾಪ, ಅದಕ್ಕೆ ಆಗುವ ಭಯ ನಿಜವಾದದ್ದು.

ರಾತ್ರಿ ಪಟಾಕಿ ನೋಡಬೇಕಾ?

ಈ ವಯಸ್ಸಿಗೆ ಮ್ಯಾಜಿಕ್ ಕಿಂಗ್‌ಡಮ್‌ನ ಕೋಟೆಯ ಮುಂದೆ ನಿಂತು ಬೇಡ. ದೀಪಾವಳಿಯ ಸದ್ದಿಗೇ ಒಳಗೆ ಓಡುವ ಮಗುವಾದರೆ ಕೇಳಲೇಬೇಡಿ. ನೋಡಲೇಬೇಕು ಅಂದರೆ ಕಿವಿ ಮುಚ್ಚುವ ಮಕ್ಕಳ ಇಯರ್‌ಮಫ್ ಹಾಕಿ, ದೂರದಿಂದ ನೋಡಿ.

ಡೈಪರ್ ಬದಲಾಯಿಸೋದು, ಹಾಲು ಕುಡಿಸೋದು ಎಲ್ಲಿ?

ಪ್ರತಿ ಪಾರ್ಕಿನಲ್ಲೂ ಒಂದು ಬೇಬಿ ಕೇರ್ ಸೆಂಟರ್ ಇದೆ. ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಮೇನ್ ಸ್ಟ್ರೀಟ್ ಕೊನೆಯಲ್ಲಿ, ಕ್ರಿಸ್ಟಲ್ ಪ್ಯಾಲೇಸ್ ಅನ್ನುವ ಊಟದ ಜಾಗದ ಪಕ್ಕ. ಹಾಲುಣಿಸಲು ಬೇರೆ ಕೋಣೆ, ಬಟ್ಟೆ ಬದಲಿಸಲು ಮೇಜು, ಮೈಕ್ರೋವೇವ್, ಎತ್ತರದ ಕುರ್ಚಿ ಎಲ್ಲ ಇದೆ. ಡೈಪರ್ ಖಾಲಿಯಾದರೆ ಅಲ್ಲೇ ಕೊಳ್ಳಬಹುದು. ನಾನು ದಿನಕ್ಕೊಂದು ಸಲ ಸುಮ್ನೆ ತಂಪಲ್ಲಿ ಕೂರಲು ಹೋಗುತ್ತಿದ್ದೆ.

ಡೈಪರ್ ಬಿಡಿಸುತ್ತಿರುವ ಮಗುವಾದರೆ ಅಂಟುವ ಚೀಟಿ ಒಂದು ಕಟ್ಟು ಇಟ್ಟುಕೊಳ್ಳಿ. ಕಮೋಡುಗಳಲ್ಲಿ ತಾನಾಗಿ ನೀರು ಬಿಡುವ ಸೆನ್ಸರ್ ಇರುತ್ತದೆ, ಮಗು ಕೂತಿರುವಾಗಲೇ ಭರ್ರನೆ ನೀರು ಬಿಟ್ಟರೆ ಮತ್ತೆ ಕೂರುವುದಿಲ್ಲ. ಸೆನ್ಸರ್ ಮೇಲೆ ಚೀಟಿ ಅಂಟಿಸಿ, ಕೆಲಸ ಮುಗಿದ ಮೇಲೆ ತೆಗೆಯಿರಿ. ಪ್ರವಾಸದ ಹಿಂದಿನ ವಾರ ಡೈಪರ್ ಬಿಡಿಸಲು ಶುರು ಮಾಡಬೇಡಿ, ಬಂದ ಮೇಲೆ ಮಾಡಿ.

ಮಗು ಕೈತಪ್ಪಿದರೆ?

ಬೆಳಿಗ್ಗೆ ಹೊರಡುವಾಗ ಮಗುವಿನ ಅವತ್ತಿನ ಬಟ್ಟೆ ಕಾಣುವ ಹಾಗೆ ಒಂದು ಫೋಟೋ ತೆಗೆಯಿರಿ. ಗಾಬರಿಯಲ್ಲಿ ಯಾವ ಬಣ್ಣದ ಅಂಗಿ ಅಂತ ನೆನಪಾಗುವುದಿಲ್ಲ. ಮಣಿಕಟ್ಟಿಗೆ ನಿಮ್ಮ ಫೋನ್ ನಂಬರಿನ ಪಟ್ಟಿ ಕಟ್ಟಿ. ಕಾಣದಿದ್ದರೆ ಹುಡುಕುತ್ತಾ ಹತ್ತು ನಿಮಿಷ ಕಳೆಯಬೇಡಿ, ಹೆಸರಿನ ಬ್ಯಾಡ್ಜ್ ಹಾಕಿರುವ ಹತ್ತಿರದ ಸಿಬ್ಬಂದಿಗೆ ತಕ್ಷಣ ಹೇಳಿ. ನಾಲ್ಕು ಜನ ದೊಡ್ಡವರಿದ್ದಾಗ ಅಪಾಯ ಜಾಸ್ತಿ, ಪ್ರತಿಯೊಬ್ಬರೂ ಇನ್ನೊಬ್ಬರ ಕೈಯಲ್ಲಿದ್ದಾನೆ ಅಂದುಕೊಳ್ಳುತ್ತಾರೆ. «ಈಗ ಪುಟ್ಟ ನಿಮ್ಮ ಹತ್ತಿರ» ಅಂತ ಬಾಯಿಬಿಟ್ಟು ಹೇಳಿ ಒಪ್ಪಿಸುವ ಅಭ್ಯಾಸ ಮಾಡಿಕೊಂಡೆವು.

ಡಿಸ್ನಿಗಿಂತ ಚಿಕ್ಕದು, ಸುಲಭದ್ದು ಬೇರೆ ಇಲ್ವಾ?

ಇದೆ. ಸುಮಾರು ಒಂದು ಗಂಟೆ ದೂರದ ವಿಂಟರ್ ಹೇವನ್‌ನಲ್ಲಿ ಪೆಪ್ಪಾ ಪಿಗ್ ಕಾರ್ಟೂನಿನ ಪಾರ್ಕ್, 2022ರಲ್ಲಿ ತೆರೆದದ್ದು, ಲೆಗೋಲ್ಯಾಂಡ್ ಪಕ್ಕದಲ್ಲೇ. ಶಾಲೆಗೆ ಸೇರದ ಮಕ್ಕಳಿಗೆ ಅಂತಲೇ ಮಾಡಿದ್ದು. ಮನೆಯಲ್ಲಿ ಪೆಪ್ಪಾ ನೋಡುವ ಮಗುವಿದ್ದರೆ, ಅಪ್ಪ ಅಮ್ಮನಿಗೆ ಡಿಸ್ನಿಯ ಆಸೆ ಅಷ್ಟೇನೂ ಇಲ್ಲದಿದ್ದರೆ, ಅಲ್ಲಿಗೇ ಹೋಗಿ.

ಅಲ್ಲಿ ಜ್ವರ ಬಂದರೆ?

ಹೊರಡುವ ಮುಂಚೆ ಮಗುವಿನ ಡಾಕ್ಟರ ಹತ್ತಿರ ತೂಕಕ್ಕೆ ತಕ್ಕ ಜ್ವರದ ಔಷಧಿಯ ಅಳತೆ ಬರೆಸಿಕೊಳ್ಳಿ, ಓಆರ್‌ಎಸ್ ಪೊಟ್ಟಣ ನಾಲ್ಕು ಇಟ್ಟುಕೊಳ್ಳಿ. ಪಾರ್ಕಿನೊಳಗೆ ಪ್ರಥಮ ಚಿಕಿತ್ಸೆಯ ಕೋಣೆ ಇದೆ, ನರ್ಸ್ ಇರುತ್ತಾರೆ. ನಮ್ಮವನು ಬಿದ್ದು ಮಂಡಿ ತರಚಿಕೊಂಡಾಗ ಅಲ್ಲಿ ತೊಳೆದು ಪಟ್ಟಿ ಹಾಕಿ ಕಳಿಸಿದರು, ದುಡ್ಡು ತೆಗೆದುಕೊಳ್ಳಲಿಲ್ಲ. ಜ್ವರ ಬಂದರೆ ಅವತ್ತಿನ ಪಾರ್ಕ್ ಬಿಟ್ಟುಬಿಡಿ, ಟಿಕೆಟ್ ದುಡ್ಡು ಹೋದರೆ ಹೋಗಲಿ. ನೀವು ಉಳಿಯುವ ಜಾಗಕ್ಕೆ ಹತ್ತಿರದ ಮಕ್ಕಳ ಅರ್ಜೆಂಟ್ ಕೇರ್ (ತಕ್ಷಣ ನೋಡುವ ಕ್ಲಿನಿಕ್) ಯಾವುದು, ನಿಮ್ಮ ಇನ್ಶೂರೆನ್ಸ್ ಅಲ್ಲಿ ನಡೆಯುತ್ತದಾ ಅಂತ ಮನೆಯಿಂದ ಹೊರಡುವ ಹಿಂದಿನ ದಿನವೇ ನೋಡಿ, ವಿಳಾಸ ಫೋನಿನಲ್ಲಿ ಬರೆದಿಟ್ಟುಕೊಳ್ಳಿ.